ಕಾಂಪ್ಯಾಕ್ಟ್ ಬಿಟ್ಟು ಡಿಎಸ್‌ಎಲ್‌ಆರ್‌ಗೆ: ಯಾವುದು ಕೊಳ್ಳಲಿ?

ಪ್ರಶ್ನೆ: ನನ್ನ ಹತ್ತಿರ 30 ಎಕ್ಸ್ ಜೂಮ್ ಇರುವ ಕಾಂಪ್ಯಾಕ್ಟ್ ಕ್ಯಾಮೆರಾ ಇದೆ. ಹಗಲಿನಲ್ಲಿ ಫೋಟೋ ಚೆನ್ನಾಗೇ ಬರುತ್ತದೆ. ಆದರೆ ಮಗಳು ವೇದಿಕೆಯ ಮೇಲೆ ಡ್ಯಾನ್ಸ್ ಮಾಡುವಾಗ ತೆಗೆದದ್ದೆಲ್ಲ ಮಸುಕು. ಓಡುವ ಮಕ್ಕಳು, ಹಾರುವ ಹಕ್ಕಿ ಕೈಗೇ ಸಿಗುವುದಿಲ್ಲ. ನಾನು ಬಟನ್ ಒತ್ತಿ ಎಷ್ಟೋ ಹೊತ್ತಾದ ಮೇಲೆ ಕ್ಯಾಮೆರಾ ಕ್ಲಿಕ್ ಅನ್ನುತ್ತದೆ. ನಿಕಾನ್ ಡಿ3500, ಡಿ5600, ಕ್ಯಾನನ್ 250ಡಿ, ಈ ಮೂರು ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಒಂದನ್ನು ತೆಗೆದುಕೊಳ್ಳೋಣ ಅಂತಿದ್ದೇನೆ. ಗೆಳೆಯರು ‘ಈ ಕಾಲದಲ್ಲಿ ಡಿಎಸ್‌ಎಲ್‌ಆರ್ ಯಾರು ತಗೋತಾರೆ’ ಎಂದು ನಗುತ್ತಾರೆ. ಏನು ಮಾಡಲಿ?

ಉತ್ತರ: ಹೆಚ್ಚಿನವರು ‘ಯಾವುದು ಬೆಸ್ಟ್’ ಎಂದಷ್ಟೇ ಕೇಳುತ್ತಾರೆ. ನೀವು ಈಗಿನ ಕ್ಯಾಮೆರಾ ಎಲ್ಲಿ ಕೈಕೊಡುತ್ತಿದೆ ಎಂದು ಹೇಳಿದ್ದೀರಿ. ಅದರಿಂದ ನನ್ನ ಕೆಲಸ ಅರ್ಧ ಮುಗಿಯಿತು. ನಿಮ್ಮದು ಎರಡು ಬೇರೆ ಬೇರೆ ತೊಂದರೆ. ಒಂದು, ಕಡಿಮೆ ಬೆಳಕು. ಇನ್ನೊಂದು, ಫೋಕಸ್ ನಿಧಾನ. ಎರಡಕ್ಕೂ ಮದ್ದು ಬೇರೆ.

ಬೆಳಕಿನ ವಿಷಯ ಮೊದಲು ನೋಡೋಣ. ಉದ್ದ ಜೂಮ್‌ನ ಸಣ್ಣ ಕಾಂಪ್ಯಾಕ್ಟ್‌ಗಳಲ್ಲಿ ಸಾಮಾನ್ಯವಾಗಿ ಇರುವ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಹೆಚ್ಚುಕಡಿಮೆ ಕೈಬೆರಳಿನ ಉಗುರಿಗಿಂತಲೂ ಚಿಕ್ಕದು. ನೀವು ಹೇಳಿದ ನಿಕಾನ್‌ಗಳಲ್ಲಿ ಅದು 23.5 × 15.6 ಮಿ.ಮೀ. ಕ್ಯಾನನ್‌ನಲ್ಲಿ ಇನ್ನೊಂಚೂರು ಸಣ್ಣದು, 22.3 × 14.9. ಲೆಕ್ಕ ಹಾಕಿದರೆ ಈಗಿನದಕ್ಕಿಂತ 12-13 ಪಟ್ಟು ಜಾಸ್ತಿ ಜಾಗ. ಅದಕ್ಕೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ) 3200ಕ್ಕೆ ಏರಿಸಿದರೂ ಮುಖದ ಮೇಲೆ ಆ ಕಾಳುಕಾಳು ಅಷ್ಟಾಗಿ ಕಾಣುವುದಿಲ್ಲ.

ಆದರೆ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬದಲಾಯಿಸಿದ ಮಾತ್ರಕ್ಕೆ ವೇದಿಕೆಯ ಫೋಟೋ ಸರಿಹೋಗುತ್ತದೆ ಎಂದುಕೊಂಡರೆ ನಿರಾಸೆ ಖಂಡಿತ. ಕ್ಯಾಮೆರಾ ಜೊತೆಗೆ ಬರುವ 18-55 ಕಿಟ್ ಲೆನ್ಸ್ ಇದೆಯಲ್ಲ, ಅದನ್ನು 55ಕ್ಕೆ ಜೂಮ್ ಮಾಡಿದಾಗ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅದರ ಬದಲು 50 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಅಂದರೆ ಕಿಟ್ ಲೆನ್ಸ್‌ನಲ್ಲಿ 1/40 ಸೆಕೆಂಡ್ ಶಟರ್ ವೇಗ (ಬೆಳಕು ಒಳಗೆ ಬರುವ ಅವಧಿ) ಸಿಗುವ ಕಡೆ ಇದರಲ್ಲಿ 1/400 ಸಿಗುತ್ತದೆ. ಕುಣಿಯುವ ಮಗುವಿಗೆ 1/40 ಯಾವ ಮೂಲೆಗೂ ಸಾಲದು. 1/400 ಆದರೆ ಬೀಸುವ ಕೈ ಕೂಡ ಬಹುಮಟ್ಟಿಗೆ ನಿಲ್ಲುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಒಂದು ಮೆಟ್ಟಿಲು ಕೆಳಗಿನ ಬಾಡಿ ತೆಗೆದುಕೊಂಡರೂ ಪರವಾಗಿಲ್ಲ, ಈ ಲೆನ್ಸ್ ಬಿಡಬೇಡಿ. ಎಲ್ಲ ಕಂಪನಿಗಳ ಲೆನ್ಸ್ ಪಟ್ಟಿಯಲ್ಲೂ ಅಗ್ಗದ ಸಾಲಿನಲ್ಲಿ ಇದು ಇದ್ದೇ ಇರುತ್ತದೆ.

ಇಲ್ಲೊಂದು ಎಡವುವ ಜಾಗ ಇದೆ, ನೋಡಿಕೊಳ್ಳಿ. ನಿಕಾನ್‌ನಲ್ಲಿ 50 ಎಂಎಂ ಎಫ್ 1.8 ಎರಡು ಥರ ಸಿಗುತ್ತದೆ. ಹಳೆಯದು ‘ಎಎಫ್-ಡಿ’, ಆಮೇಲೆ ಬಂದದ್ದು ‘ಎಎಫ್-ಎಸ್’. ಡಿ3500, ಡಿ5600 ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಎಎಫ್-ಡಿ ಹಾಕಿದರೆ ರಿಂಗ್ ತಿರುಗಿಸುತ್ತಾ ಕೂರಬೇಕು. ಮೋಟಾರ್ ಲೆನ್ಸ್‌ನಲ್ಲೇ ಇರುವ ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದಿದ್ದರೆ ಮಾತ್ರ ಕೊಳ್ಳಿ. ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ. 1987ರಲ್ಲಿ ಇಎಫ್ ಮೌಂಟ್ (ಬಾಡಿಗೆ ಲೆನ್ಸ್ ಕೂರುವ ಜಾಗ) ಶುರುವಾದಾಗಿನಿಂದ ಅವರ ಆಟೋಫೋಕಸ್ ಲೆನ್ಸ್‌ಗಳ ಮೋಟಾರ್ ಲೆನ್ಸ್ ಒಳಗೇ ಇದೆ.

ಇನ್ನು ಕ್ಲಿಕ್ ತಡವಾಗುವ ವಿಷಯ. ಹೆಚ್ಚಿನ ಕಾಂಪ್ಯಾಕ್ಟ್‌ಗಳು ಲೆನ್ಸನ್ನು ಹಿಂದೆ ಮುಂದೆ ಸರಿಸಿ, ಚಿತ್ರ ಯಾವಾಗ ಸ್ಪಷ್ಟವಾಯಿತು ಎಂದು ಹುಡುಕುತ್ತವೆ. ಕತ್ತಲೆಯಲ್ಲಿ ತಡಕಾಡಿ ಸ್ವಿಚ್ ಹುಡುಕಿದ ಹಾಗೆ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯ ಕೆಳಗೆ ಫೋಕಸ್‌ಗೆಂದೇ ಬೇರೆ ಸೆನ್ಸರ್ ಇರುತ್ತದೆ. ಲೆನ್ಸ್ ಯಾವ ಕಡೆಗೆ, ಎಷ್ಟು ತಿರುಗಬೇಕು ಎಂದು ಅದು ಒಂದೇ ಸಲಕ್ಕೆ ಹೇಳಿಬಿಡುತ್ತದೆ. ನಿಮಗೆ ಬೇಕಾಗಿರುವುದು ಇದೇ.

ಆದರೆ ಇದು ಸಿಗುವುದು ಕಣ್ಣನ್ನು ವ್ಯೂಫೈಂಡರ್‌ಗೆ ಇಟ್ಟಾಗ ಮಾತ್ರ. ಕಾಂಪ್ಯಾಕ್ಟ್ ಬಳಸಿದವರಿಗೆ ಕೈ ಮುಂದೆ ಚಾಚಿ ಪರದೆ ನೋಡಿಕೊಂಡು ತೆಗೆಯುವ ಅಭ್ಯಾಸ. ಹಾಗೆ ಲೈವ್ ವ್ಯೂ ಹಾಕಿದ ಕೂಡಲೇ ಕನ್ನಡಿ ಮೇಲೆದ್ದುಬಿಡುತ್ತದೆ, ಆ ಬೇರೆ ಸೆನ್ಸರ್‌ಗೆ ಏನೂ ಕಾಣುವುದಿಲ್ಲ. ಡಿ3500, ಡಿ5600 ಎರಡೂ ಆಗ ಹಳೇ ತಡಕಾಟಕ್ಕೆ ಮರಳುತ್ತವೆ. ‘ಇದು ನನ್ನ ಕಾಂಪ್ಯಾಕ್ಟ್‌ಗಿಂತ ನಿಧಾನ’ ಎಂದು ಬೈಯುವವರಲ್ಲಿ ಬಹಳ ಜನ ಪರದೆ ನೋಡಿಕೊಂಡು ತೆಗೆದವರೇ. ಕ್ಯಾನನ್ 250ಡಿ ಮಾತ್ರ ಇದಕ್ಕೆ ಹೊರತು. ಅದರಲ್ಲಿ ‘ಡ್ಯುಯಲ್ ಪಿಕ್ಸೆಲ್’ ಎಂಬ ವ್ಯವಸ್ಥೆ ಇರುವುದರಿಂದ ಪರದೆಯಲ್ಲೂ ಫೋಕಸ್ ಚುರುಕು.

ಸರಿ, ಮೂರರಲ್ಲಿ ಯಾವುದು? ಡಿ3500 ಹಗುರ. ಬ್ಯಾಟರಿ, ಕಾರ್ಡ್ ಸೇರಿ 415 ಗ್ರಾಂ. ಒಂದು ಚಾರ್ಜ್‌ಗೆ 1550 ಫೋಟೋ ಎಂದು ಕಂಪನಿಯೇ ಹೇಳುತ್ತದೆ. ಆದರೆ ವ್ಯೂಫೈಂಡರ್‌ನಲ್ಲಿ ಇರುವುದು 11 ಫೋಕಸ್ ಪಾಯಿಂಟ್ (ಕ್ಯಾಮೆರಾ ಫೋಕಸ್ ಹಿಡಿಯಬಲ್ಲ ಜಾಗಗಳು). ಪರದೆ ತಿರುಗುವುದಿಲ್ಲ, ಮೈಕ್ ಹಾಕಲು ಜಾಗವೂ ಇಲ್ಲ. 250ಡಿಯಲ್ಲಿ ಪರದೆ ತಿರುಗುತ್ತದೆ, ಆದರೆ ವ್ಯೂಫೈಂಡರ್‌ನಲ್ಲಿ 9 ಪಾಯಿಂಟ್ ಅಷ್ಟೇ. ಡಿ5600ರಲ್ಲಿ 39 ಪಾಯಿಂಟ್ ಇವೆ, ಪರದೆಯೂ ತಿರುಗುತ್ತದೆ. ನಿಮ್ಮದು ಓಡುವ ಮಕ್ಕಳು, ಹಾರುವ ಹಕ್ಕಿ. ಪಾಯಿಂಟ್ ಜಾಸ್ತಿ ಇದ್ದಷ್ಟೂ ಓಡಾಡುವುದನ್ನು ಬೆನ್ನಟ್ಟುವುದು ಸುಲಭ. ಹಾಗಾಗಿ ನಿಮಗೆ ಡಿ5600. ಪರದೆ ನೋಡಿ ತೆಗೆಯುವ ಅಭ್ಯಾಸ ಬಿಡಲು ಆಗೋದೇ ಇಲ್ಲ ಅಂದರೆ 250ಡಿ. ಮೂರರಲ್ಲೂ 24 ಮೆಗಾಪಿಕ್ಸೆಲ್ ಇರುವುದರಿಂದ ಆ ಲೆಕ್ಕ ಬಿಟ್ಟುಬಿಡಿ. 12 × 18 ಇಂಚಿನ ಒಳ್ಳೆಯ ಪ್ರಿಂಟ್‌ಗೆ ಅಷ್ಟು ಸಾಕಾಗಿ ಮಿಗುತ್ತದೆ.

ಕೊಳ್ಳುವ ಮೊದಲು, ಕಳೆದುಕೊಳ್ಳುವುದು ಏನು ಅಂತಲೂ ತಿಳಿದಿರಲಿ. 30 ಎಕ್ಸ್ ಕಾಂಪ್ಯಾಕ್ಟ್ ಸಾಧಾರಣವಾಗಿ 24ರಿಂದ 720 ಎಂಎಂವರೆಗಿನ ನೋಟ ಕೊಡುತ್ತದೆ (ಎಂಎಂ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಕಿಟ್ ಲೆನ್ಸ್ ಬರೀ 3 ಎಕ್ಸ್. ಹಕ್ಕಿಗೆಂದು 70-300 ಲೆನ್ಸ್ ಕೊಂಡರೂ ನಿಕಾನ್‌ನ ಈ ಸೆನ್ಸರ್ ಮೇಲೆ ಅದು 450ರ ನೋಟಕ್ಕೆ ನಿಲ್ಲುತ್ತದೆ. ಹಕ್ಕಿ ಫ್ರೇಮಿನಲ್ಲಿ ಈಗಿನದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಆದರೆ ಕ್ರಾಪ್ ಮಾಡಿದಾಗ ಗರಿ ಗರಿ ಎಣಿಸಬಹುದು. ಆ 70-300ರಲ್ಲೂ ‘ವಿಆರ್’ ಇರುವುದು, ಇಲ್ಲದಿರುವುದು ಎರಡೂ ಇವೆ. ವಿಆರ್ ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ. ಅದು ಇರುವುದನ್ನೇ ತೆಗೆದುಕೊಳ್ಳಿ. ಆಮೇಲೆ ಹೂವಿನ ಫೋಟೋ. ಕಾಂಪ್ಯಾಕ್ಟನ್ನು ಹೂವಿಗೆ ಮೂಗು ತಾಗಿಸಿ ಇಟ್ಟರೂ ಫೋಕಸ್ ಆಗುತ್ತಿತ್ತು, ಅಲ್ವಾ? 18-55ಕ್ಕೆ ಸುಮಾರು 25 ಸೆಂ.ಮೀ. ದೂರ ಬೇಕು. ಹಾಗಾಗಿ ಹಳೇ ಕಾಂಪ್ಯಾಕ್ಟನ್ನು ಮಾರಬೇಡಿ.

ಕೊನೆಗೆ ನಗುವ ಗೆಳೆಯರ ಮಾತು. ಅವರು ಹೇಳುವುದು ಸುಳ್ಳಲ್ಲ. ನಿಕಾನ್, ಕ್ಯಾನನ್ ಎರಡೂ 2018ರಲ್ಲೇ ಮಿರರ್‌ಲೆಸ್‌ಗಾಗಿ (ಕನ್ನಡಿ ಇಲ್ಲದ ಕ್ಯಾಮೆರಾ) ಹೊಸ ಮೌಂಟ್ ತಂದವು. ಅವರ ಡಿಎಸ್‌ಎಲ್‌ಆರ್‌ಗಳಾದ ನಿಕಾನ್ ಡಿ780, ಕ್ಯಾನನ್ 850ಡಿ ಬಂದದ್ದು 2020ರಲ್ಲಿ. ಆಮೇಲೆ ಅವರ ಗಮನವೆಲ್ಲ ಮಿರರ್‌ಲೆಸ್ ಕಡೆಗೆ. ಪೆಂಟಾಕ್ಸ್ ಒಂದೇ 2021ರಲ್ಲಿ ಕೆ-3 ಮಾರ್ಕ್ 3 ತಂದು ಹಟ ಬಿಡದೆ ನಿಂತಿತು. ಡಿ3500, ಡಿ5600 ತಯಾರಿಕೆ ನಿಂತಿದೆ. ನಿಮಗೆ ಸಿಗುವುದು ಉಳಿದ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್. ಆದರೆ ತಯಾರಿಕೆ ನಿಂತಿತು ಅಂತ ಕ್ಯಾಮೆರಾ ಕೆಟ್ಟ ಫೋಟೋ ತೆಗೆಯುವುದಿಲ್ಲವಲ್ಲ. ಒಂದು ಬಾಡಿ, ಎರಡು ಮೂರು ಲೆನ್ಸ್, ಅಲ್ಲಿಗೆ ಸಾಕು ಅನ್ನುವವರಿಗೆ ಇದು ಒಳ್ಳೆಯ ಸಮಯ. ವರ್ಷ ವರ್ಷ ಲೆನ್ಸ್ ಸೇರಿಸುತ್ತಾ ಹೋಗುವ ಹುಚ್ಚು ಇದ್ದರೆ ನೇರ ಮಿರರ್‌ಲೆಸ್‌ಗೇ ಹೋಗಿ. ಮುಂದೆ ಮನಸ್ಸು ಬದಲಾದರೂ ಇವತ್ತಿನ ಲೆನ್ಸ್ ದಂಡವಾಗುವುದಿಲ್ಲ. ಕ್ಯಾನನ್‌ನ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಹೊಸ ಆರ್ ಕ್ಯಾಮೆರಾಗಳಲ್ಲಿ ನಡೆಯುತ್ತವೆ. ನಿಕಾನ್‌ನ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳು ಎಫ್‌ಟಿಜೆಡ್ ಅಡಾಪ್ಟರ್ ಮೂಲಕ ಜೆಡ್ ಕ್ಯಾಮೆರಾಗಳಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ನೋಡಲು ಹೋಗುತ್ತಿದ್ದೇನೆ. ಏನೇನು ಪರೀಕ್ಷೆ ಮಾಡಬೇಕು?

ಉತ್ತರ: ನಿಮ್ಮದೇ ಮೆಮೊರಿ ಕಾರ್ಡ್ ಮತ್ತು ಒಂದು ಸಣ್ಣ ಟಾರ್ಚ್ ತೆಗೆದುಕೊಂಡು ಹೋಗಿ. ಎಲ್ಲರೂ ಮೊದಲು ಶಟರ್ ಕೌಂಟ್ (ಈವರೆಗೆ ಎಷ್ಟು ಕ್ಲಿಕ್ ಆಗಿದೆ ಎಂಬ ಲೆಕ್ಕ) ಕೇಳುತ್ತಾರೆ. ಕೇಳಿ, ತಪ್ಪಿಲ್ಲ. ನಿಕಾನ್, ಪೆಂಟಾಕ್ಸ್‌ನಲ್ಲಿ ಫೋಟೋ ಫೈಲಿನೊಳಗೇ ಆ ಸಂಖ್ಯೆ ದಾಖಲಾಗಿರುತ್ತದೆ. ಆರಂಭಿಕ ಮಟ್ಟದ ಬಾಡಿಗಳ ಶಟರ್ ಸಾಮಾನ್ಯವಾಗಿ 1,00,000 ಕ್ಲಿಕ್‌ಗೆ ಪರೀಕ್ಷೆ ಆಗಿರುತ್ತದೆ, ಡಿ7200, ಡಿ7500 ಥರದ್ದು 1,50,000ಕ್ಕೆ. ಆ ಸಂಖ್ಯೆ ದಾಟಿದ ಕೂಡಲೇ ಕ್ಯಾಮೆರಾ ಸಾಯುವುದಿಲ್ಲ.

ನಾನು ಅದಕ್ಕಿಂತ ಹೆಚ್ಚು ಗಮನ ಕೊಡುವುದು ಫೋಕಸ್‌ಗೆ. ಅಪರ್ಚರ್ ಪೂರ್ತಿ ತೆರೆದು, ಅಲುಗಾಡದ ಒಂದು ವಸ್ತುವನ್ನು ಮೊದಲು ವ್ಯೂಫೈಂಡರ್‌ನಿಂದ, ಆಮೇಲೆ ಲೈವ್ ವ್ಯೂನಿಂದ ತೆಗೆಯಿರಿ. ಎರಡನ್ನೂ ದೊಡ್ಡದು ಮಾಡಿ ನೋಡಿ. ಲೈವ್ ವ್ಯೂನದ್ದು ಚೊಕ್ಕ, ವ್ಯೂಫೈಂಡರ್‌ನದ್ದು ಪ್ರತಿ ಸಲವೂ ಮೃದು ಬಂದರೆ ಒಳಗಿನ ಹೊಂದಾಣಿಕೆ ತಪ್ಪಿದೆ ಎಂದರ್ಥ. ಡಿ3500, ಡಿ5600ರಲ್ಲಿ ಇದನ್ನು ಮೆನುವಿನಲ್ಲಿ ಸರಿ ಮಾಡಲು ಬರುವುದಿಲ್ಲ, ಸರ್ವಿಸ್‌ಗೇ ಕೊಡಬೇಕು. ಅಂಥದ್ದು ಬೇಡ.

ಆಮೇಲೆ ಎಫ್ 16ಕ್ಕೆ ಇಟ್ಟು ಖಾಲಿ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆಯಿರಿ. ಕಪ್ಪು ಚುಕ್ಕಿ ಕಂಡರೆ ಸೆನ್ಸರ್ ಮೇಲೆ ದೂಳು. ಅದು ಒರೆಸಿದರೆ ಹೋಗುತ್ತದೆ, ಚೌಕಾಸಿಗೆ ಒಳ್ಳೆಯ ನೆಪ. ಲೆನ್ಸ್‌ನೊಳಗೆ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂತೆ ಎಳೆ ಎಳೆ ಕಂಡರೆ ಫಂಗಸ್. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ. ಒಂದೆರಡು ಚುಕ್ಕಿ ದೂಳಿದ್ದರೆ ತೊಂದರೆಯಿಲ್ಲ.

ಇನ್ನೊಂದು ಮಾತು. ಡಿ90, ಡಿ3100 ಥರದ ಹಳೆಯ ನಿಕಾನ್ ಬಾಡಿಗಳಲ್ಲಿ ಎಎಫ್-ಪಿ ಲೆನ್ಸ್ ಫೋಕಸ್ ಆಗುವುದಿಲ್ಲ. ಬಾಡಿ ಒಬ್ಬರ ಹತ್ತಿರ, ಲೆನ್ಸ್ ಇನ್ನೊಬ್ಬರ ಹತ್ತಿರ ಕೊಳ್ಳುವವರು ಎಡವುವುದು ಇಲ್ಲೇ.

ಪ್ರಶ್ನೆ: ಹೇಗೂ ಅಪ್‌ಗ್ರೇಡ್ ಮಾಡುತ್ತಿದ್ದೇನೆ, ಒಂದೇ ಸಲ ಫುಲ್ ಫ್ರೇಮ್‌ಗೆ ಹೋಗಲೇ?

ಉತ್ತರ: ಬೇಡ. ಫುಲ್ ಫ್ರೇಮ್ ಸೆನ್ಸರ್ 36 × 24 ಮಿ.ಮೀ. ಇರುತ್ತದೆ, ಕಡಿಮೆ ಬೆಳಕಿನಲ್ಲಿ ಅದು ಇನ್ನೂ ಮೇಲು ನಿಜ. ಆದರೆ ಲೆನ್ಸ್‌ಗಳೂ ದೊಡ್ಡವು, ಭಾರ, ದುಬಾರಿ. ಜೇಬಿನ ಕ್ಯಾಮೆರಾದಿಂದ ನೇರ ಅಲ್ಲಿಗೆ ಹೋದವರು ಭಾರಕ್ಕೆ ಬೇಸತ್ತು ಮನೆಯಲ್ಲೇ ಬಿಟ್ಟು ಹೋಗುವುದೇ ಜಾಸ್ತಿ. ಮುಂದೆ ಫುಲ್ ಫ್ರೇಮ್ ಖಂಡಿತ ಅನ್ನುವವರು ಒಂದು ವಿಷಯ ನೆನಪಿಡಿ: ಸಣ್ಣ ಸೆನ್ಸರ್‌ಗೆಂದೇ ಮಾಡಿದ ಕ್ಯಾನನ್‌ನ ಇಎಫ್-ಎಸ್ ಲೆನ್ಸ್ ಅವರ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. ಅಂಥದ್ದೇ ಆದ ನಿಕಾನ್‌ನ ಡಿಎಕ್ಸ್ ಲೆನ್ಸ್ ಕೂರುತ್ತದೆ, ಆದರೆ ಸೆನ್ಸರ್‌ನ ನಡುಭಾಗ ಮಾತ್ರ ಬಳಕೆಯಾಗುತ್ತದೆ.

ಪ್ರಶ್ನೆ: ಡಿಎಸ್‌ಎಲ್‌ಆರ್ ತಂದು ಒಂದು ವಾರ ಆಯಿತು. ಮನೆಯವರೆಲ್ಲ ‘ನಿನ್ನ ಫೋನಿನ ಫೋಟೋನೇ ಚೆನ್ನಾಗಿದೆ’ ಅನ್ನುತ್ತಾರೆ. ಸುಮ್ನೆ ದುಡ್ಡು ಹಾಕಿದೆನಾ?

ಉತ್ತರ: ಇಲ್ಲ. ಫೋನ್ ಒಂದು ಫೋಟೋ ಅಂತ ತೋರಿಸುವುದು ಹಲವು ಫೋಟೋಗಳನ್ನು ಬೆರೆಸಿ ಮಾಡಿದ್ದು. ನೆರಳನ್ನು ಎತ್ತಿ, ಆಕಾಶವನ್ನು ಇಳಿಸಿ, ಬಣ್ಣ ತುಂಬಿ ಕೊಡುತ್ತದೆ. ಡಿಎಸ್‌ಎಲ್‌ಆರ್ ಆ ಅಡುಗೆಯನ್ನು ನಿಮಗೇ ಬಿಡುತ್ತದೆ. ರಾ ಫಾರ್ಮ್ಯಾಟ್‌ನಲ್ಲಿ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಹಾಗೇ ಇಡುವ ಫೈಲ್) ತೆಗೆದು ಕಂಪ್ಯೂಟರ್‌ನಲ್ಲಿ ನೆರಳನ್ನು ಸ್ವಲ್ಪ ಎತ್ತಿ ನೋಡಿ, ಎಷ್ಟು ಉಳಿದಿದೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಮೆನುವಿನ ‘ಪಿಕ್ಚರ್ ಕಂಟ್ರೋಲ್’ ಅಥವಾ ‘ಪಿಕ್ಚರ್ ಸ್ಟೈಲ್’ಗೆ ಹೋಗಿ ಬಣ್ಣವನ್ನೂ ಕಾಂಟ್ರಾಸ್ಟನ್ನೂ ಒಂದೊಂದು ಮೆಟ್ಟಿಲು ಏರಿಸಿ.

ಮಸುಕು ಬರುತ್ತಿದ್ದರೆ ಕಾರಣ ಬೇರೆ. ಹಸಿರು ಆಟೋ ಮೋಡ್ ಬಿಟ್ಟು, ಅಪರ್ಚರನ್ನು ನೀವೇ ಆರಿಸುವ ‘ಎ’ಗೆ ತಿರುಗಿಸಿ, ಕ್ಯಾನನ್ ಆದರೆ ‘ಎವಿ’. ಆಟೋ ಐಎಸ್‌ಒ ಹಾಕಿ. ಕಡಿಮೆ ಅಂದರೆ ಎಷ್ಟು ಶಟರ್ ವೇಗ ಬೇಕು ಎಂದು ಹೇಳುವ ಆಯ್ಕೆ ಅದರ ಜೊತೆಗೆ ನಿಮ್ಮ ಕ್ಯಾಮೆರಾದಲ್ಲಿದ್ದರೆ, ಮಕ್ಕಳಿಗಾಗಿ 1/250 ಇಡಿ. ಫೋಕಸ್ ಪಾಯಿಂಟನ್ನು ಕ್ಯಾಮೆರಾ ಆರಿಸಲು ಬಿಟ್ಟರೆ ಅದು ಹೆಚ್ಚಾಗಿ ಹತ್ತಿರದ ವಸ್ತುವನ್ನು ಹಿಡಿಯುತ್ತದೆ, ಮುಖದ ಬದಲು ಚಾಚಿದ ಕೈ. ಎಫ್ 1.8ರಲ್ಲಿ ಕೈ ಸ್ಪಷ್ಟವಾದರೆ ಮುಖ ಹೋಯಿತು. ಅದಕ್ಕೆ ಒಂದೇ ಪಾಯಿಂಟ್ ಆರಿಸಿ, ಕಣ್ಣಿನ ಮೇಲೆ ಇಡಿ. ಹತ್ತಿರದಿಂದ ತೆಗೆಯುವಾಗ ಎಫ್ 2.8ರವರೆಗೆ ಮುಚ್ಚಿಕೊಂಡರೆ ಎರಡೂ ಕಣ್ಣು ಫೋಕಸ್‌ನಲ್ಲಿ ಸಿಗುವ ಸಾಧ್ಯತೆ ಜಾಸ್ತಿ.