ಓಣಿ ಬಿಟ್ಟು ಬಡಾವಣೆಗೆ ಬಂದ ಮೇಲೆ

ಪ್ರಶ್ನೆ: ಹಳೇ ದಾವಣಗೆರೆಯ ಓಣಿಯೊಂದರಲ್ಲಿ 28 ವರ್ಷ ಬಾಡಿಗೆಗಿದ್ದ ನಾವು ನಾಲ್ಕು ವರ್ಷದ ಹಿಂದೆ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿದೆವು. ಅಲ್ಲಿ ಹೆಪ್ಪಿಗೆ ಮಜ್ಜಿಗೆ ಇಲ್ಲವೆಂದರೆ ಪಕ್ಕದ ಮನೆಯಿಂದ ಬರುತ್ತಿತ್ತು. ಇಲ್ಲಿ ಎದುರು ಮನೆಯವರ ಹೆಸರೂ ತಿಳಿಯದು. ಜನ ಬದಲಾದರೋ, ರಸ್ತೆಯೇ ಕಾರಣವೋ?
– ಗೃಹಿಣಿಯೊಬ್ಬರು, ದಾವಣಗೆರೆ

ಉತ್ತರ: ದೊಡ್ಡ ಪಾಲು ರಸ್ತೆಯದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಓಣಿಯಲ್ಲಿ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತ ಕುಳಿತವರು ದನಿ ಏರಿಸದೆಯೇ ಎದುರು ಬಾಗಿಲಿನವರೊಡನೆ ಮಾತನಾಡಬಹುದಿತ್ತು. ಮಾತಿಗೆಂದೇ ಯಾರೂ ಹೊರಗೆ ಬರುತ್ತಿರಲಿಲ್ಲ. ಕೆಲಸಕ್ಕೆಂದು ಬಂದಲ್ಲಿ ಮಾತು ಹುಟ್ಟುತ್ತಿತ್ತು. ಬಡಾವಣೆಯಲ್ಲಾದರೋ ಬಾಗಿಲು ದಾಟಿದರೆ ಗೇಟು, ಗೇಟು ದಾಟಿದರೆ 40 ಅಡಿ ರಸ್ತೆ, ಅದರಾಚೆ ಮತ್ತೊಂದು ಎತ್ತರದ ಕಾಂಪೌಂಡು. ನಾವು ಹೊರಗೆ ಕಾಣಿಸಿಕೊಳ್ಳುವುದು ಗಾಡಿ ತೆಗೆಯುವಾಗ ಮಾತ್ರ.

ಅಗಲಕ್ಕಿಂತಲೂ ಹೆಚ್ಚು ಕೆಡುಕು ಮಾಡುವುದು ವಾಹನಗಳ ಓಡಾಟ. ನಗರ ವಿನ್ಯಾಸದ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಆಪಲ್‌ಯಾರ್ಡ್ ಅವರು 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ನೋಡಲು ಒಂದೇ ತೆರನಾಗಿದ್ದ ಮೂರು ಬೀದಿಗಳ ನಿವಾಸಿಗಳನ್ನು ಮಾತನಾಡಿಸಿದರು. ದಿನಕ್ಕೆ ಸುಮಾರು 2,000 ವಾಹನ ಹಾಯುತ್ತಿದ್ದ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ಮೂವರು ಸ್ನೇಹಿತರಿದ್ದರೆ, 16,000 ವಾಹನ ಹಾಯುತ್ತಿದ್ದ ಬೀದಿಯಲ್ಲಿ ಒಬ್ಬರೂ ಪೂರ್ತಿಯಾಗಿ ಇರಲಿಲ್ಲ, ಸರಾಸರಿ 0.9. ನಿಮ್ಮದೆನ್ನುವ ಜಾಗವನ್ನು ಗುರುತಿಸಿ ಎಂದು ನಕ್ಷೆ ಕೊಟ್ಟಾಗ, ಶಾಂತ ಬೀದಿಯವರು ಇಡೀ ಬೀದಿಯನ್ನೇ ಸುತ್ತುಹಾಕಿದರು. ಗದ್ದಲದ ಬೀದಿಯವರು ತಮ್ಮ ಕಟ್ಟಡದ ಆಚೆಗೆ ಗೆರೆ ಎಳೆಯಲಿಲ್ಲ. ಈ ಕೊನೆಯ ಸಂಗತಿ ನನ್ನನ್ನು ಬಹುವಾಗಿ ಕಾಡಿದೆ.

ಹಾಗೆಂದು ಓಣಿಯೆಲ್ಲ ಒಳ್ಳೆಯದೆನ್ನಲಾರೆ. ನಮ್ಮ ಹಳೆಯ ಕೇರಿಗಳು ಜಾತಿ ಜಾತಿಯಾಗಿ ಬೆಳೆದವು. ಅಲ್ಲಿನ ಅಕ್ಕರೆಯ ಬೆನ್ನಿಗೇ ಸೊಸೆಯಂದಿರ ಮೇಲೆ ಹತ್ತಾರು ಕಣ್ಣುಗಳೂ ಇರುತ್ತಿದ್ದವು. ಬೇರೆ ಬೇರೆ ಮನೆತನದವರನ್ನು ಒಂದೇ ಸಾಲಿಗೆ ತಂದ ಬಡಾವಣೆಯ ಉಪಕಾರ ಸಣ್ಣದಲ್ಲ.

ನಿಮ್ಮ ರಸ್ತೆಗೆ ಸೊಪ್ಪಿನ ತಳ್ಳುಗಾಡಿ ಬರುತ್ತದೆಯಲ್ಲವೇ? ಅದು ಗೇಟು ಗೇಟಿಗೂ ನಿಂತರೆ ಒಬ್ಬೊಬ್ಬರೇ ಕೊಂಡು ಒಳಗೆ ಹೋಗುತ್ತಾರೆ. ಒಂದು ಹೊಂಗೆ ಮರದ ನೆರಳಿನಲ್ಲಿ ನಿಂತರೆ ಐದಾರು ಮನೆಯವರು ಅಲ್ಲಿಗೇ ಬಂದು ಮೆಂತ್ಯದ ಕಟ್ಟು ಬಿಡಿಸಿ ನೋಡುತ್ತ ಕಾಯಬೇಕಾಗುತ್ತದೆ, ಮತ್ತು ಕಾಯುವವರು ಸುಮ್ಮನಿರುವುದಿಲ್ಲ. ಅಲ್ಲೊಂದು ಕಲ್ಲು ಹಾಸಿ, ಓಡಾಡುವವರಿಗೆ ಅಡ್ಡವಾಗದಂತೆ. ಗಾಡಿಯವರಿಗೂ ಅಲ್ಲಿಯೇ ನಿಲ್ಲಲು ಹೇಳಿ.

ಪ್ರಶ್ನೆ: ಹೆದ್ದಾರಿಗೆ ಹೋಗುವವರು ನಮ್ಮ ಅಡ್ಡರಸ್ತೆಯನ್ನೇ ಒಳದಾರಿ ಮಾಡಿಕೊಂಡಿದ್ದಾರೆ. ಉಬ್ಬು ಹಾಕಿಸಿದರೆ ಮಕ್ಕಳು ಮತ್ತೆ ಬೀದಿಯಲ್ಲಿ ಆಡಿಯಾರೇ?
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಉಬ್ಬು ವೇಗವನ್ನು ಇಳಿಸೀತು, ಒಳದಾರಿಯನ್ನು ಮುಚ್ಚದು. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಪಟ್ಟಣದಲ್ಲಿ 1960ರ ದಶಕದ ಕೊನೆಗೆ ಬೀದಿಯನ್ನೇ ಅಂಕುಡೊಂಕಾಗಿಸಿ, ಗಿಡ, ಬೆಂಚುಗಳನ್ನು ಇಟ್ಟು, ವಾಹನಗಳು ನಡಿಗೆಯ ವೇಗದಲ್ಲಿ ಮಾತ್ರ ಸಾಗುವಂತೆ ಮಾಡಲಾಯಿತು. 1976ರಲ್ಲಿ ಅಲ್ಲಿನ ಸರ್ಕಾರ ಇಂಥ ಬೀದಿಗಳಿಗೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು. ರಸ್ತೆಯ ಒಂದು ತುದಿಯಲ್ಲಿ ನಾಲ್ಕು ಚಕ್ರದ ವಾಹನ ನುಗ್ಗದಂತೆ ಕಂಬ ನೆಡಿಸಲು ನಿವಾಸಿಗಳೆಲ್ಲ ಸಹಿ ಹಾಕಿ ನಗರಸಭೆಗೆ ಮನವಿ ಕೊಡಿ. ಆ ಸಹಿಗಾಗಿ ನೀವು ಪ್ರತಿ ಮನೆಯ ಬಾಗಿಲಿಗೂ ಹೋಗಬೇಕಾಗುತ್ತದೆ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.