ಇಬ್ಬರ ಜಲಾಂತರ್ಗಾಮಿ: ಗೋಳವೋ, ಸಿಲಿಂಡರೋ?

ಪ್ರಶ್ನೆ: ಇಬ್ಬರು ಕೂತು 100 ಮೀಟರ್ ಆಳಕ್ಕೆ ಇಳಿಯಬಲ್ಲ ಖಾಸಗಿ ಜಲಾಂತರ್ಗಾಮಿಗೆ ಗೋಳಾಕಾರ ಸೂಕ್ತವೇ, ಸಿಲಿಂಡರ್ ಆಕಾರವೇ? ಒಳಗೆ ಆರಾಮವಾಗಿರಲೆಂದು ಒಡಲನ್ನು ಹಿಗ್ಗಿಸಿ ಉಕ್ಕಿನ ಗೋಡೆಯನ್ನು ದಪ್ಪ ಮಾಡಿದರೆ ಸಾಲದೇ?

ಉತ್ತರ: ಬಲವೊಂದನ್ನೇ ನೋಡುವುದಾದರೆ ಗೋಳವೇ ಮೇಲು. ವ್ಯಾಸ, ಲೋಹ, ದಪ್ಪ ಎಲ್ಲವೂ ಒಂದೇ ಆಗಿದ್ದಾಗ ಗೋಳದ ತೆಳುಗೋಡೆಯ ಮೇಲೆ ಬೀಳುವ ಗರಿಷ್ಠ ಬಿಗಿತ ಸಿಲಿಂಡರಿನಲ್ಲಿರುವುದರ ಅರ್ಧದಷ್ಟೇ. ಆದರೆ ಮನುಷ್ಯ ಕಾಲು ಚಾಚಿ ಕೂರುವವನಾದ್ದರಿಂದ ಗೋಳದೊಳಗಿನ ಜಾಗ ಬಹಳಷ್ಟು ವ್ಯರ್ಥವಾಗುತ್ತದೆ. ಸಿಲಿಂಡರಿನ ನಿಜವಾದ ಅಪಾಯವೆಂದರೆ, ಲೋಹ ತನ್ನ ಶಕ್ತಿಯ ಮಿತಿ ಮುಟ್ಟುವ ಮೊದಲೇ ಗೋಡೆ ಒಳಕ್ಕೆ ನೆಗ್ಗಿ ಕುಸಿಯಬಹುದು. ಅದಕ್ಕಾಗಿಯೇ ಗೋಡೆಗೆ ಉದ್ದಕ್ಕೂ ಉಂಗುರದಂಥ ಪಕ್ಕೆಲುಬುಗಳನ್ನು ಬೆಸೆಯುತ್ತಾರೆ. ದುಂಡುತನದಲ್ಲಿ ಅಲ್ಪಸ್ವಲ್ಪ ಲೋಪವಿದ್ದರೂ ಗಮನಾರ್ಹವಾಗಿ ಕಡಿಮೆ ಆಳದಲ್ಲೇ ಗೋಡೆ ಕುಸಿಯುವುದರಿಂದ, ದಪ್ಪವನ್ನು ಹೆಚ್ಚಿಸುವುದಕ್ಕಿಂತ ದುಂಡುತನವನ್ನು ಅಳೆದು ನೋಡುವುದು ಎಷ್ಟೋ ಸಲ ಹೆಚ್ಚು ಉಪಯುಕ್ತ. 100 ಮೀಟರ್ ಆಳದ ಮಟ್ಟಿಗೆ, ಎರಡೂ ತುದಿಗೆ ಗುಮ್ಮಟದ ಮುಚ್ಚಳವಿರುವ ಸಿಲಿಂಡರೇ ನನ್ನ ಆಯ್ಕೆ.

ಒಡಲನ್ನು ಹಿಗ್ಗಿಸುವ ವಿಚಾರದಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. 1.2 ಮೀಟರ್ ವ್ಯಾಸದ ಗೋಳ ಸುಮಾರು 0.9 ಟನ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ವ್ಯಾಸವನ್ನು 1.5 ಮೀಟರ್ ಮಾಡಿದರೆ ಅದು ಸುಮಾರು 1.8 ಟನ್ ಆಗುತ್ತದೆ. ಮುಳುಗಬೇಕಾದರೆ ವಾಹನದ ಒಟ್ಟು ತೂಕವೂ ಅಷ್ಟೇ ಆಗಬೇಕು. ಹೀಗೆ ಮೂವತ್ತು ಸೆಂಟಿಮೀಟರ್ ಆರಾಮಕ್ಕಾಗಿ ತೂಕ ಇಮ್ಮಡಿಯಾಗಿ, ಸಾಗಿಸುವ ಟ್ರೇಲರ್, ಎತ್ತುವ ಕ್ರೇನ್, ಮೋಟಾರು, ಬ್ಯಾಟರಿ ಎಲ್ಲವೂ ದೊಡ್ಡದಾಗಬೇಕಾಗುತ್ತದೆ.

ನೀವು ಕೇಳದಿದ್ದರೂ ಮೇಲೇರುವ ವ್ಯವಸ್ಥೆಯ ಬಗ್ಗೆ ಹೇಳಲೇಬೇಕು. ನೀರಿನ ಒತ್ತಡ ಪ್ರತಿ 10 ಮೀಟರಿಗೆ ಹೆಚ್ಚುಕಡಿಮೆ ಒಂದು ವಾಯುಮಂಡಲದಷ್ಟು ಏರುತ್ತದೆ. ಹಾಗಾಗಿ 100 ಮೀಟರ್ ಆಳದಲ್ಲಿ ಮುಳುಗಲೆಂದು ನೀರು ತುಂಬಿಕೊಂಡ 100 ಲೀಟರಿನ ಟ್ಯಾಂಕಿನಿಂದ, ಮೇಲೇರಲು ಆ ನೀರನ್ನು ಹೊರದಬ್ಬಬೇಕಾದರೆ, ಮೇಲ್ಮೈಯ ಲೆಕ್ಕದಲ್ಲಿ ಸುಮಾರು 1,100 ಲೀಟರ್ ಗಾಳಿ ಬೇಕು. ಅದೇ ಆಳದಲ್ಲಿ 60 ಸೆಂಟಿಮೀಟರ್ ವ್ಯಾಸದ ಬಾಗಿಲ ಮೇಲೆ ಸುಮಾರು 28 ಟನ್ ಭಾರ ಕೂತಿರುವುದರಿಂದ ಅದನ್ನು ತೆರೆದು ಹೊರಬರುವ ಮಾತೇ ಇಲ್ಲ. ಕಳಚಿ ಬೀಳಿಸುವ ಸೀಸದ ತೂಕಕ್ಕಾದರೋ ಆಳದ ಹಂಗಿಲ್ಲ. ಮುಳುಗಲು ಹೇಗೂ ಹೊರಬೇಕಾದ ಭಾರದಲ್ಲಿ ಒಂದು ಪಾಲನ್ನು ಹೀಗೆ ಕಳಚುವಂತೆ ಜೋಡಿಸಿ. ಅದರ ಹಿಡಿಕೆ ವಿದ್ಯುತ್ತಿನ ನೆರವಿಲ್ಲದೆ, ಕೂತಲ್ಲಿಂದಲೇ, ಇಬ್ಬರಲ್ಲಿ ಯಾರ ಕೈಗಾದರೂ ಎಟುಕುವಂತಿರಲಿ.