ಟಿಕೆಟ್ ಕೊಳ್ಳುವ ಮೊದಲು ಮಗನ ಎತ್ತರ ಅಳೆಯಿರಿ

ಅಜ್ಜ, ಅಜ್ಜಿ, ನೀವಿಬ್ಬರು, 11 ವರ್ಷದ ಮಗಳು, 4 ವರ್ಷದ ಮಗ, ಹೀಗೆ ಆರು ಜನ ಅಮೆರಿಕದ ಆರ್ಲಾಂಡೊದ ಥೀಮ್ ಪಾರ್ಕುಗಳಿಗೆ ಹೊರಟಿದ್ದೀರಿ. ಡಿಸ್ನಿಗೆ 3 ದಿನ, ಯೂನಿವರ್ಸಲ್‌ಗೆ 2 ದಿನ ಇಟ್ಟುಕೊಂಡು, ಗೊಂದಲವೇ ಬೇಡವೆಂದು ಆರೂ ಜನರಿಗೆ ಹಾಪರ್ (ಒಂದೇ ದಿನ ಒಂದಕ್ಕಿಂತ ಹೆಚ್ಚು ಪಾರ್ಕಿಗೆ ಸಲ್ಲುವ ಟಿಕೆಟ್) ಮತ್ತು ಎಕ್ಸ್‌ಪ್ರೆಸ್ (ಉದ್ದದ ಸಾಲು ತಪ್ಪಿಸುವ ಪಾಸ್) ಎರಡನ್ನೂ ಸೇರಿಸಿ ಕೊಳ್ಳುವುದಾಗಿ ಈ ಗುಂಪಿನಲ್ಲಿ ಬರೆದಿದ್ದೀರಿ. ದಯವಿಟ್ಟು ಇವತ್ತು ಹಣ ಕಟ್ಟಬೇಡಿ. ನಮ್ಮ ಮನೆಯಲ್ಲೂ ಒಮ್ಮೆ ಹೀಗೆಯೇ ಎಲ್ಲರಿಗೂ ಎಲ್ಲವನ್ನೂ ಕೊಂಡಿದ್ದೆವು. ಹಿರಿಯರ ಎಕ್ಸ್‌ಪ್ರೆಸ್ ಪಾಸ್ ಸಂಜೆಯವರೆಗೂ ಕೈಚೀಲದಿಂದ ಹೊರಗೇ ಬರಲಿಲ್ಲ, ಚಿಕ್ಕವನನ್ನು ಪ್ರತಿ ರೋಲರ್ ಕೋಸ್ಟರಿನ ಬಾಗಿಲಲ್ಲೂ ಅಳತೆ ಕೋಲಿನ ಪಕ್ಕ ನಿಲ್ಲಿಸಿ ಹಿಂದಕ್ಕೆ ಕಳಿಸಿದರು.

ನೀವು ಮಕ್ಕಳ ವಯಸ್ಸು ಬರೆದಿದ್ದೀರಿ, ಎತ್ತರ ಬರೆದಿಲ್ಲ. ವಯಸ್ಸಿನಿಂದ ತೀರ್ಮಾನವಾಗುವುದು ಟಿಕೆಟಿನ ದರ ಮಾತ್ರ. ಎರಡೂ ಕಡೆ 3ರಿಂದ 9 ವರ್ಷದವರಿಗೆ ಮಕ್ಕಳ ಟಿಕೆಟ್, 10 ತುಂಬಿದವರು ದೊಡ್ಡವರ ಲೆಕ್ಕ. ಆದ್ದರಿಂದ ನಿಮ್ಮ ಮಗಳಿಗೆ ಪೂರ್ಣ ದರವೇ ಬೀಳುತ್ತದೆ, ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. ಆದರೆ ಕೊಟ್ಟ ಹಣಕ್ಕೆ ಎಷ್ಟು ರೈಡ್ ಸಿಗುತ್ತದೆ ಎಂಬುದು ಎತ್ತರದ ಮೇಲೆ ನಿಂತಿದೆ. ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್‌ಗೆ 97 ಸೆಂಟಿಮೀಟರ್ ಸಾಕು, ಅದೇ ಪಾರ್ಕಿನ ಸ್ಪೇಸ್ ಮೌಂಟನ್‌ಗೆ 112 ಬೇಕು. ಯೂನಿವರ್ಸಲ್ ಕಡೆ ವೆಲಾಸಿಕೋಸ್ಟರ್‌ಗೆ 130, ಹಲ್ಕ್ ಕೋಸ್ಟರ್‌ಗೆ 137. ನಾಲ್ಕು ವರ್ಷದ ಮಗು ಮೊದಲನೆಯದಕ್ಕೆ ಸೇರಲೂಬಹುದು, ಸೇರದಿರಲೂಬಹುದು. ಕೊನೆಯ ಎರಡರ ಹತ್ತಿರಕ್ಕೂ ಸುಳಿಯುವಂತಿಲ್ಲ.

ನಾನು ಈಗ ಅನುಸರಿಸುವ ಕ್ರಮ ಹೀಗಿದೆ. ಮಗುವನ್ನು ಬರಿಗಾಲಿನಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಸಮವಾಗಿ ಇಟ್ಟು, ಅದರ ಅಡಿಯಂಚಿಗೆ ಪೆನ್ಸಿಲ್ ಗೆರೆ ಎಳೆದು ಅಳೆಯುತ್ತೇನೆ. ಬಳಿಕ ಒಂದು ಹಾಳೆಯಲ್ಲಿ ಎಡಕ್ಕೆ ರೈಡುಗಳ ಹೆಸರು, ಮೇಲ್ಗಡೆ ಆರು ಜನರ ಹೆಸರು ಬರೆದು, ಹತ್ತಲು ಸಾಧ್ಯವಿರುವವರಿಗೆ ಒಂದು ಗುರುತು, ಸಾಧ್ಯವಿದ್ದು ಮನಸ್ಸೂ ಇರುವವರಿಗೆ ಇನ್ನೊಂದು ಗುರುತು ಹಾಕುತ್ತೇನೆ. ಈ ಎರಡನೆಯ ಗುರುತನ್ನು ಅಜ್ಜ, ಅಜ್ಜಿಯರನ್ನು ಕೂರಿಸಿಕೊಂಡು ಕೇಳಿಯೇ ಹಾಕಬೇಕು. ಅವರ ಪರವಾಗಿ ನಾವೇ ಉತ್ಸಾಹ ತೋರಿಸಿದರೆ ಲೆಕ್ಕ ಕೆಡುತ್ತದೆ. ಎರಡನೆಯ ಗುರುತು ನಾಲ್ಕೈದಾದರೂ ಇಲ್ಲದವರಿಗೆ ಎಕ್ಸ್‌ಪ್ರೆಸ್ ಕೊಳ್ಳುವ ಅಗತ್ಯವೇ ಇಲ್ಲ. ಕೆಲವರು ಮಗುವಿಗೆ ದಪ್ಪ ಅಟ್ಟೆಯ ಶೂ ಹಾಕಿಸಿ ಕೋಲಿನ ಕೆಳಗೆ ನಿಲ್ಲಿಸುವ ಉಪಾಯವನ್ನು ಈ ಗುಂಪಿನಲ್ಲೇ ಹೇಳುತ್ತಾರೆ. ಆ ಎತ್ತರದ ಮಿತಿ ಇರುವುದು ಸೀಟಿನ ಸರಳು ಮೈಯನ್ನು ಭದ್ರವಾಗಿ ಹಿಡಿಯಬೇಕೆಂಬ ಕಾರಣಕ್ಕೆ. ಅದರ ಜೊತೆ ಆಟವಾಡುವ ತಂದೆತಾಯಿಯರಿಗೆ ಏನು ಹೇಳಬೇಕೋ ತಿಳಿಯದು.

ಮಗ ಹತ್ತಲಾಗದ ರೈಡಿಗೆ ನೀವಿಬ್ಬರೂ ಸರದಿಯ ಮೇಲೆ ಹೋಗಬಹುದು, ಅದಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ. ಡಿಸ್ನಿಯಲ್ಲಿ ಇದನ್ನು ರೈಡರ್ ಸ್ವಿಚ್ ಎನ್ನುತ್ತಾರೆ: ಮಗುವನ್ನೂ ಸೇರಿಸಿ ಎಲ್ಲರೂ ರೈಡಿನ ಬಾಗಿಲಲ್ಲಿ ಸಿಬ್ಬಂದಿಗೆ ಕಾಣಿಸಿಕೊಳ್ಳಬೇಕು, ಒಬ್ಬರು ಹೋಗಿ ಬಂದ ಮೇಲೆ ಮಗುವಿನ ಜೊತೆ ಉಳಿದವರು ಉದ್ದದ ಸಾಲಿನಲ್ಲಿ ನಿಲ್ಲದೆ ಒಳಗೆ ಹೋಗುತ್ತಾರೆ, ಮಗಳಿಗೆ ಎರಡನೆಯ ಸುತ್ತೂ ಸಿಗುವುದುಂಟು. ಯೂನಿವರ್ಸಲ್‌ನ ಚೈಲ್ಡ್ ಸ್ವಾಪ್‌ನಲ್ಲಿ ಇಡೀ ಕುಟುಂಬ ಸಾಲಿನಲ್ಲೇ ಸಾಗಿ, ರೈಡ್ ಹತ್ತುವ ಜಾಗದ ಬಳಿ ಇರುವ ಕೋಣೆಯಲ್ಲಿ ಮಗುವಿನೊಂದಿಗೆ ಒಬ್ಬರು ಕಾಯುತ್ತಾರೆ. ಈ ಸೌಲಭ್ಯ ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ಜನ ಹೆಚ್ಚುವರಿ ಪಾಸ್ ಕೊಳ್ಳುತ್ತಾರೆ.

ಇನ್ನು ನೀವು ಎಕ್ಸ್‌ಪ್ರೆಸ್ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಎಕ್ಸ್‌ಪ್ರೆಸ್ ಇರುವುದು ಯೂನಿವರ್ಸಲ್‌ನಲ್ಲಿ. ಸಾದಾ ಪಾಸಿನಲ್ಲಿ ಒಂದು ರೈಡಿಗೆ ಒಂದು ಸಲ, ಅನ್‌ಲಿಮಿಟೆಡ್ ಆದರೆ ಎಷ್ಟು ಸಲ ಬೇಕಾದರೂ ಹೋಗಬಹುದು, ಮತ್ತು ಎರಡರಲ್ಲೂ ಪ್ರವೇಶದ ಟಿಕೆಟ್ ಸೇರಿರುವುದಿಲ್ಲ. ಡಿಸ್ನಿಯಲ್ಲಿ ಸಾಲು ತಪ್ಪಿಸಲು ಹಣ ಕೊಟ್ಟು ಕೊಳ್ಳುವುದು ಲೈಟ್ನಿಂಗ್ ಲೇನ್. ಅದನ್ನು ಟಿಕೆಟಿನ ಜೊತೆ ತಿಂಗಳುಗಟ್ಟಲೆ ಮೊದಲು ಕೊಳ್ಳುವ ಕ್ರಮವಿಲ್ಲ. ಡಿಸ್ನಿ ಹೋಟೆಲಿನಲ್ಲಿ ತಂಗುವವರಿಗೆ 7 ದಿನ, ಉಳಿದವರಿಗೆ 3 ದಿನ ಮುಂಚಿತವಾಗಿ ತೆರೆಯುತ್ತದೆ, ತಂಡದಲ್ಲಿ ಬೇಕಾದವರಿಗೆ ಮಾತ್ರ ತೆಗೆದುಕೊಳ್ಳಬಹುದು. ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಸಾಲು ತಪ್ಪಿಸಲು ಡಿಸ್ನಿ ಕೊಡುತ್ತಿದ್ದ ಉಚಿತ ಫಾಸ್ಟ್‌ಪಾಸ್ ಬಗ್ಗೆ ಬರೆದಿದ್ದಾರೆ. 1999ರಲ್ಲಿ ಬಂದ ಆ ವ್ಯವಸ್ಥೆಯನ್ನು 2021ರಲ್ಲಿ ಕೈಬಿಟ್ಟು, ಹಣ ಕೊಡುವ ವ್ಯವಸ್ಥೆ ತಂದಾಗಿದೆ. ಹಳೆಯ ಸಲಹೆಯನ್ನು ಹೊಸದರಂತೆ ಹಂಚುವವರು ದಯವಿಟ್ಟು ಒಮ್ಮೆ ಪಾರ್ಕಿನ ಜಾಲತಾಣ ನೋಡಲಿ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ತಂಡಕ್ಕೆ ಡಿಸ್ನಿಯಲ್ಲಿ ಹಾಪರ್ ಬೇಡ. ನಾಲ್ಕು ಪಾರ್ಕುಗಳು ಒಂದರಿಂದೊಂದು ದೂರದಲ್ಲಿವೆ; ಬಸ್ಸಿಗೆ ಕಾದು, ಇಳಿದು, ಮತ್ತೆ ತಪಾಸಣೆ ದಾಟಿ ಒಳಗೆ ಹೋಗುವಷ್ಟರಲ್ಲಿ ಮಗ ನಿದ್ದೆಗೆ ಜಾರಿರುತ್ತಾನೆ, ಅಜ್ಜನ ಮಂಡಿ ಹಿಡಿದುಕೊಂಡಿರುತ್ತದೆ. ದಿನಕ್ಕೊಂದೇ ಪಾರ್ಕ್ ಇಟ್ಟುಕೊಂಡು, ಮಧ್ಯಾಹ್ನ ಕೋಣೆಗೆ ಬಂದು, ಸಂಜೆ ಅದೇ ಪಾರ್ಕಿಗೆ ಮರಳುವುದಕ್ಕೆ ಹಾಪರ್ ಬೇಕಿಲ್ಲ. ಅಲ್ಲದೆ ಅಲ್ಲಿನ ಸಾಮಾನ್ಯ 3 ದಿನದ ಟಿಕೆಟನ್ನು ಆರಂಭದ ದಿನದಿಂದ 5 ದಿನಗಳೊಳಗೆ ಬಳಸಬಹುದಾದ್ದರಿಂದ ನಡುವೆ ಒಂದು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಆದರೆ ಪ್ರಾರಂಭದ ದಿನಾಂಕವನ್ನು ಯೋಚಿಸಿ ಆರಿಸಿ. ದರ ದಿನಾಂಕದ ಮೇಲೆ ಏರಿಳಿಯುತ್ತದೆ, ಕೊಂಡ ಮೇಲೆ ಹಣ ಹಿಂದಕ್ಕೆ ಬರುವುದಿಲ್ಲ.

ಯೂನಿವರ್ಸಲ್‌ನಲ್ಲಿ ಮಾತ್ರ ಇದಕ್ಕೊಂದು ಅಪವಾದವಿದೆ. ಅಲ್ಲಿನ ಎರಡು ಹಳೆಯ ಪಾರ್ಕುಗಳ ನಡುವೆ ಓಡುವ ಹಾಗ್ವಾರ್ಟ್ಸ್ ಎಕ್ಸ್‌ಪ್ರೆಸ್ ರೈಲನ್ನು ಹತ್ತಲು ಎರಡೂ ಪಾರ್ಕಿಗೆ ಸಲ್ಲುವ ಪಾರ್ಕ್ ಟು ಪಾರ್ಕ್ ಟಿಕೆಟೇ ಬೇಕು. ಆ ರೈಲಿಗೆ ಎತ್ತರದ ಮಿತಿಯಿಲ್ಲ, ಅಜ್ಜಿಯೂ ಮೊಮ್ಮಗನೂ ಒಟ್ಟಿಗೆ ಕೂರಬಹುದಾದ ಅಪರೂಪದ ರೈಡ್ ಅದು. ಆದ್ದರಿಂದ ರೈಲು ಹತ್ತುವ ಆಸೆಯಿದ್ದರೆ ಅದನ್ನು ಆರೂ ಜನರಿಗೆ ಕೊಳ್ಳಿ. ಒಬ್ಬರಿಗೆ ಉಳಿಸಲು ಹೋದರೆ ಅವರು ನಿಲ್ದಾಣದ ಹೊರಗೇ ಉಳಿಯುತ್ತಾರೆ. ಯೂನಿವರ್ಸಲ್ 2025ರಲ್ಲಿ ತೆರೆದ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್ ಬೇರೆಯೇ ಜಾಗದಲ್ಲಿದೆ, ಈ ರೈಲು ಅಲ್ಲಿಗೆ ಹೋಗುವುದಿಲ್ಲ.

ಮಗಳೂ ನೀವೂ ಕೋಸ್ಟರ್ ಪ್ರಿಯರಾಗಿದ್ದರೆ ಎಕ್ಸ್‌ಪ್ರೆಸ್ ಬಿಡಿಯಾಗಿ ಕೊಳ್ಳುವ ಮೊದಲು ಯೂನಿವರ್ಸಲ್‌ನ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಹೋಟೆಲುಗಳಲ್ಲಿ ಒಂದು ರಾತ್ರಿಯ ದರ ನೋಡಿ. ಅಲ್ಲಿ ತಂಗುವವರಿಗೆ ಎರಡು ಹಳೆಯ ಪಾರ್ಕುಗಳ ಎಕ್ಸ್‌ಪ್ರೆಸ್ ಅನ್‌ಲಿಮಿಟೆಡ್ ಸೇರಿಯೇ ಬರುತ್ತದೆ. ಹೋದ ದಿನವೂ ಬಿಡುವ ದಿನವೂ ಸಲ್ಲುವುದರಿಂದ ಒಂದು ರಾತ್ರಿಗೆ ಎರಡು ದಿನದ ಪಾಸ್ ಸಿಕ್ಕಂತಾಯಿತು. ಒಂದು ಕೋಣೆಗೆ ಐದು ಪಾಸ್ ಮಾತ್ರ ಎಂಬುದನ್ನು ಮರೆಯಬೇಡಿ, ಆದರೆ ನಿಮ್ಮ ಹಾಳೆಯಲ್ಲಿ ಐದಕ್ಕಿಂತ ಹೆಚ್ಚು ಜನರಿಗೆ ಅದು ಬೇಕಾಗುವುದೂ ಅನುಮಾನ.

ಯಾರೋ ಅಪರಿಚಿತರು ತಾವು ಬಳಸದೆ ಉಳಿದ ದಿನಗಳ ಟಿಕೆಟನ್ನು ಅಗ್ಗಕ್ಕೆ ಕೊಡುತ್ತೇನೆಂದು ಬರೆದರೆ ಅತ್ತ ನೋಡಲೇಬೇಡಿ. ಆ ಟಿಕೆಟ್ ಇನ್ನೊಬ್ಬರಿಗೆ ಸಲ್ಲುವುದಿಲ್ಲ, ಡಿಸ್ನಿಯ ಬಾಗಿಲಲ್ಲಿ ಬೆರಳಿನ ಗುರುತನ್ನು ಟಿಕೆಟಿಗೆ ಹೊಂದಿಸಿ ನೋಡುತ್ತಾರೆ.

ಮಗನ ಎತ್ತರವನ್ನೂ ಪ್ರವಾಸದ ದಿನಾಂಕಗಳನ್ನೂ ಇಲ್ಲಿಯೇ ಬರೆಯಿರಿ. ಯಾವ ದಿನ ಯಾವ ಪಾರ್ಕ್, ಯಾರಿಗೆ ಯಾವ ಪಾಸ್ ಎಂದು ಹಾಳೆ ತುಂಬಿಸಿ ಹಾಕುತ್ತೇನೆ.